ಲ್ಯಾಡಿಯ ತಲೆಯ ಮೇಲಿದ್ದದ್ದು

ಆಸ್ಪತ್ರೆಯವರು ಕೊಟ್ಟ ಬಿಳಿ ಚೀಲವನ್ನು ಐದು ತಿಂಗಳು ನಮ್ಮ ಮನೆಯಲ್ಲಿ ಯಾರೂ ಬಿಚ್ಚಲಿಲ್ಲ. ಬಟ್ಟೆ ಒಗೆಯುವ ಯಂತ್ರದ ಮೇಲಿನ ಕಪಾಟಿನಲ್ಲಿ, ಸೋಪಿನ ಪುಡಿಯ ಡಬ್ಬದ ಹಿಂದೆ ಅದು ಕೂತಿತ್ತು. ಪುಡಿಗೆ ಕೈ ಹಾಕಿದಾಗಲೆಲ್ಲ ಮೊಣಕೈಗೆ ತಗುಲಿ ಸರಸರ ಎನ್ನುತ್ತಿತ್ತು. ನಾನು ಅದನ್ನು ಬಿಚ್ಚಿದ್ದು ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ. ಆ ದಿನವೇ ರಾಜಧಾನಿ ಲಿಂಕನ್ನಿನ ಶಾಸನಸಭೆಯಲ್ಲಿ ಹೆಲ್ಮೆಟ್ ಕಾನೂನನ್ನು ತೆಗೆದುಹಾಕುವ ಮಸೂದೆಯ ಮೇಲೆ ಜನರ ಅಹವಾಲು ಕೇಳುವ ಸಭೆ ಇತ್ತು.

ಒಳಗೆ ಅಣ್ಣನ ಒಂದು ಬೂಟು, ಕತ್ತರಿಯಿಂದ ಕತ್ತರಿಸಿದ ಬೆಲ್ಟು, ಬೀಗದ ಕೈಗಳು ಇದ್ದವು. ತಳದಲ್ಲಿ ಎರಡು ಹೋಳಾದ ಕಪ್ಪು ಹೆಲ್ಮೆಟ್ಟು.

ಹೆಲ್ಮೆಟ್ ಎಂದೆ. ಆ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದು ಬಟ್ಟಲು. ಸೂಪು ಕುಡಿಯುವ ಬಟ್ಟಲಿಗಿಂತ ಒಂದು ಕೂದಲೆಳೆ ದಪ್ಪ, ಒಳಗೆ ಮೆತ್ತೆ ಇಲ್ಲ, ಒಂದು ಪದರ ತೆಳು ಬಟ್ಟೆ ಮಾತ್ರ. ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗದು. ನಮ್ಮ ನೆಬ್ರಾಸ್ಕಾ ರಾಜ್ಯದಲ್ಲಿ ಮೋಟಾರ್ ಸೈಕಲ್ ಓಡಿಸುವವರು ತಲೆಗೆ ಹೆಲ್ಮೆಟ್ ಹಾಕಲೇಬೇಕೆಂದು ನಾನು ಹುಟ್ಟುವ ಮುಂಚಿನಿಂದಲೂ ಕಾನೂನಿದೆ. ನಮ್ಮ ಕೌಂಟಿಯ ಸವಾರರ ಸಂಘ ಅದನ್ನು ಅಷ್ಟೇ ಕಾಲದಿಂದ ದ್ವೇಷಿಸುತ್ತ ಬಂದಿದೆ. ಹಾಗಾಗಿ ಸಂಘದವರು ಕಾನೂನಿನ ಮುಖಕ್ಕೆ ಈ ಬಟ್ಟಲು ಹಿಡಿದರು. ಅದರ ಹಿಂಭಾಗಕ್ಕೆ ಡಿ.ಒ.ಟಿ. ಎಂಬ ಮೂರಕ್ಷರದ ಚೀಟಿ ಅಂಟಿಸಿದರೆ ಸರ್ಕಾರ ಪರೀಕ್ಷಿಸಿ ಒಪ್ಪಿದ ಹೆಲ್ಮೆಟ್ಟಿನ ಹಾಗೇ ಕಾಣುತ್ತದೆ. ಚೀಟಿ ಅಂಟಿಸಿದ ಬಟ್ಟಲನ್ನು ಮಾರುವುದು ಅಪರಾಧ. ಆದ್ದರಿಂದ ಅಪ್ಪ ತನ್ನ ಅಂಗಡಿಯ ಮೇಜಿನ ಈ ತುದಿಯಲ್ಲಿ ಬಟ್ಟಲು ಮಾರುತ್ತಿದ್ದ, ಆ ತುದಿಯಲ್ಲಿ ಚೀಟಿ. "ಇದು ಆಟದ ಸಾಮಾನು, ಅದು ಬರೀ ಕಾಗದ. ಎರಡನ್ನೂ ನೀವು ಮನೇಲಿ ಏನು ಮಾಡ್ಕೋತೀರೋ ನಾನು ಕಾಣೆ" ಎಂದು ಕಣ್ಣು ಹೊಡೆಯುತ್ತಿದ್ದ. ಅದು ಬಹಳ ಜಾಣತನವೆಂದು ನಮ್ಮೂರಿನವರೆಲ್ಲ ತಿಳಿದಿದ್ದರು. ನಾನೂ ತಿಳಿದಿದ್ದೆ.

ಏಕೆಂದರೆ ಅಂಟಿಸುತ್ತಿದ್ದವಳು ನಾನು. ಹನ್ನೊಂದನೆಯ ವಯಸ್ಸಿನಿಂದ ಹದಿನಾರರವರೆಗೆ, ಅಡುಗೆಮನೆಯ ಇದೇ ಮೇಜಿನ ಮೇಲೆ. ಚೀಟಿ ಸೊಟ್ಟಗಿದ್ದರೆ ಶೆರೀಫನ ಕಡೆಯ ಪೊಲೀಸರು ಹಿಂದಿನಿಂದಲೇ ಗುರುತಿಸಿ ನಿಲ್ಲಿಸುತ್ತಾರೆ. ನೆಟ್ಟಗಿದ್ದರೆ ಬಿಡುತ್ತಾರೆ. ನನ್ನ ಕೈ ನೆಟ್ಟಗೆಂದು ಎಲ್ಲರೂ ತಮ್ಮ ಬಟ್ಟಲನ್ನು ನನ್ನ ಬಳಿಯೇ ತರುತ್ತಿದ್ದರು. ಅಳತೆಪಟ್ಟಿ ಇಟ್ಟು, ಅಂಚಿನಿಂದ ಹೆಬ್ಬೆರಳಗಲ ಮೇಲೆ, ಗಾಳಿಗುಳ್ಳೆ ಉಳಿಯದಂತೆ ಉಗುರಿನಿಂದ ತೀಡುತ್ತಿದ್ದೆ. ಪಕ್ಕದಲ್ಲಿ ನನ್ನ ಅಜ್ಜಿ ಬಾಬಿ ಗಸಗಸೆ ಅರೆಯುತ್ತ ಕಥೆ ಹೇಳುತ್ತಿದ್ದಳು. ಬಾಬಿಯ ಅಮ್ಮ ಬೊಹೀಮಿಯಾದಿಂದ ಹಡಗಿನಲ್ಲಿ ತಂದ ಕಥೆಗಳವು. ಹಸಿರು ಕೋಟಿನ ನೀರುಮನುಷ್ಯನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅವನ ಕೋಟಿನ ಅಂಚಿನಿಂದ ಸದಾ ನೀರು ತೊಟ್ಟಿಕ್ಕುತ್ತಿರುತ್ತದೆ. ಮುಳುಗಿ ಸತ್ತವರ ಜೀವಗಳನ್ನು ಅವನು ಹೊಳೆಯ ತಳದಲ್ಲಿ ಮಡಕೆಗಳ ಕೆಳಗೆ ಬೋರಲು ಹಾಕಿ ಸಾಲಾಗಿ ಇಟ್ಟುಕೊಂಡಿರುತ್ತಾನೆ. ಒಂದು ದಿನ ಅವನ ಮನೆಗೆಲಸದ ಹುಡುಗಿ ಒಂದೊಂದೇ ಮಡಕೆ ಎತ್ತುತ್ತಾಳೆ. ಜೀವಗಳು ಗುಳ್ಳೆಗಳಾಗಿ ಮೇಲಕ್ಕೆ ಹೋಗುತ್ತವೆ. ಅಣ್ಣ ಲ್ಯಾಡಿ, ನನಗಿಂತ ಮೂರು ವರ್ಷ ದೊಡ್ಡವನು, ಒಂದು ಬಟ್ಟಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಕೆನ್ನೆ ಉಬ್ಬಿಸಿ, "ಗುಳು ಗುಳು, ಮಡಕೆ ಎತ್ತೇ ಲೀಡಾ!" ಎಂದು ಮೇಜಿನ ಸುತ್ತ ತೇಲಾಡುತ್ತಿದ್ದ. ನಾನು ನಕ್ಕೂ ನಕ್ಕೂ ಚೀಟಿ ಹಾಳುಮಾಡುತ್ತಿದ್ದೆ.

ಈಗ ಆ ಹೋಳನ್ನು ತಿರುಗಿಸಿ ನೋಡಿದೆ. ಅಂಚಿನಿಂದ ಹೆಬ್ಬೆರಳಗಲ ಮೇಲೆ, ಒಂದು ಗುಳ್ಳೆಯೂ ಇಲ್ಲದೆ, ಚೀಟಿ ನೆಟ್ಟಗೆ ಕೂತಿತ್ತು. ಬಟ್ಟಲು ಅಕ್ರೋಟಿನ ಚಿಪ್ಪಿನಂತೆ ಬಿರಿದಿದ್ದರೂ ನನ್ನ ಚೀಟಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಸೆಪ್ಟೆಂಬರಿನಲ್ಲಿ, ಕಟಾವಿನ ಕಾಲದಲ್ಲಿ, ಸೇತುವೆಯಾಚೆಯ ತಿರುವಿನಲ್ಲಿ ಯಾವುದೋ ಲಾರಿಯಿಂದ ಮೆಕ್ಕೆಜೋಳ ಚೆಲ್ಲಿತ್ತು. ಅದರ ಮೇಲೆ ಅಣ್ಣನ ಹಿಂದಿನ ಚಕ್ರ ಜಾರಿತು. ಅವನು ಮೂವತ್ತೈದು ಮೈಲಿ ವೇಗದಲ್ಲಿದ್ದ, ಅಷ್ಟೇ. ಮೊಣಕಾಲು ತರಚಿತ್ತು. ಮೈಯಲ್ಲಿ ಬೇರೆಲ್ಲೂ ಗಾಯವಿರಲಿಲ್ಲ ಎಂದು ವೈದ್ಯರು ಬರೆದರು. ತಲೆಯೊಂದೇ.

"ಎತ್ತಿಡು ಅದನ್ನ."

ಅಪ್ಪ ಬಾಗಿಲಲ್ಲಿ ನಿಂತಿದ್ದ. ಉಣ್ಣೆಯ ಸ್ವೆಟರಿನ ಮೇಲೆ ಸಂಘದ ಚರ್ಮದ ಕೋಟು ತೊಟ್ಟಿದ್ದ. ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿದ್ದರಿಂದ ಆ ದಿನ ಎಲ್ಲ ಸವಾರರೂ ಪಿಕಪ್ ಲಾರಿಗಳಲ್ಲೇ ಹೋಗುವವರಿದ್ದರು.

"ಇದು ನಾನು ಅಂಟಿಸಿದ್ದು, ಅಪ್ಪ."

"ಗೊತ್ತು. ಈ ಕೌಂಟೀಲಿ ಅರ್ಧ ತಲೆಗಳ ಮೇಲಿರೋದು ನೀನು ಅಂಟಿಸಿದ್ದೇ. ಎತ್ತಿಡು ಅಂದೆ. ಬಾಬಿ ನೋಡ್ತಾಳೆ."

"ಬಾಬಿ ಆಗ್ಲೇ ನೋಡಿದಾಳೆ" ಎಂದಳು ಬಾಬಿ, ಒಲೆಯ ಬಳಿಯಿಂದ, ತಿರುಗದೆ. ಎಂಬತ್ತೊಂಬತ್ತು ವರ್ಷ. ಕಿವಿ ಮಾತ್ರ ಬೆಕ್ಕಿನದು. "ಗಸಗಸೆ ಹಾಕಿದ ಕೊಲಾಚ್ ರೊಟ್ಟಿ ಬಿಸಿ ಇದೆ. ತಿಂದು ಜಗಳ ಆಡಿ."

ಯಾರೂ ತಿನ್ನಲಿಲ್ಲ. ಅಪ್ಪನ ಜೇಬಿನಿಂದ ಮಡಿಸಿದ ಹಾಳೆಯ ಅಂಚು ಇಣುಕುತ್ತಿತ್ತು. ನಾನೇ ಕೈಹಾಕಿ ಎಳೆದುಕೊಂಡೆ. ಸಂಘದ ಅಧ್ಯಕ್ಷ ರಾಯ್ಸ್ ಕುಬಿಚೆಕ್ ಟೈಪು ಮಾಡಿಸಿಕೊಟ್ಟ ಹೇಳಿಕೆ ಅದು. ಓದಿದೆ: ನನ್ನ ಮಗ ಲ್ಯಾಡಿಸ್ಲಾವ್ ಹವ್ರಾನೆಕ್ ಕಾನೂನು ಹೇಳಿದಂತೆ ಹೆಲ್ಮೆಟ್ ಧರಿಸಿದ್ದ. ಶೆರೀಫರ ವರದಿಯೂ ಹಾಗೇ ಹೇಳುತ್ತದೆ. ಆದರೂ ಸತ್ತ. ಹೆಲ್ಮೆಟ್ಟು ಜೀವ ಉಳಿಸುತ್ತದೆಂದು ಈ ಕಾನೂನು ನನ್ನ ಮಗನಿಗೆ ಸುಳ್ಳು ಹೇಳಿತು.

ಹಾಳೆಯನ್ನು ಮೇಜಿನ ಮೇಲೆ ಎಸೆದೆ.

"ಕಾನೂನು ಸುಳ್ಳು ಹೇಳ್ತಾ? ಸುಳ್ಳು ಹೇಳಿದ್ದು ನಾವು! ನೀನು ಮಾರಿದೆ, ನಾನು ಅಂಟಿಸಿದೆ."

"ವರದೀಲಿ ಏನಿದೆ? 'ಹೆಲ್ಮೆಟ್ ಧರಿಸಿದ್ದರು.' ಹೌದು ಅನ್ನೋ ಕಡೆ ಗುರುತು ಹಾಕಿದಾರೆ. ನಾನು ಹಾಕಿಸಿದ್ನಾ?"

"ಚೀಟಿ ನೋಡಿ ಹಾಕಿದಾರೆ. ನನ್ನ ಚೀಟಿ."

"ಲೀಡಾ." ಅಪ್ಪ ಕುರ್ಚಿ ಎಳೆದು ಕೂತ. ಬೈಯುತ್ತಾನೆಂದುಕೊಂಡೆ. ಅವನು ಬೇಡಿದ, ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಮೂವತ್ತೊಂದು ವರ್ಷ ಹೋಗಿದೀನಿ ಲಿಂಕನ್‌ಗೆ, ಪ್ರತಿ ಚಳಿಗಾಲ. ಈ ತಲೆ ಸೈನ್ಯಕ್ಕೆ ಬೇಕಾದಾಗ ಒಂದು ಮಾತೂ ಕೇಳದೆ ತಗೊಂಡು ಹೋದ್ರು. ವಾಪಸ್ ಬಂದ್ಮೇಲೆ ಇದಕ್ಕೆ ಗಾಳಿ ಬೇಕಾ ಬೇಡ್ವಾ ಅಂತ ನಾನು ಹೇಳೋ ಹಾಗಿಲ್ಲ. ನಂಗೆ ಅರವತ್ಮೂರು. ನನ್ನ ತಲೆ ನಂದೋ ಅಲ್ವೋ?"

"ಆ ತಲೆ ಹೆತ್ತೋಳು ನಾನು" ಎಂದಳು ಬಾಬಿ. "ಎರಡು ದಿನ ನೋವು ತಿಂದಿದೀನಿ. ಅದರಲ್ಲಿ ನಂಗೊಂದು ಪಾಲಿದೆಯಾ ಅಂತ ಯಾವತ್ತಾದ್ರೂ ಕೇಳಿದ್ಯಾ, ಆರ್ಲಿನ್?"

ಅಪ್ಪ ಕುರ್ಚಿಯನ್ನು ನನ್ನತ್ತ ಇನ್ನಷ್ಟು ಎಳೆದುಕೊಂಡ. ನನ್ನ ಕಡೆಗೇ ನೋಡಿದ. "ಸಮಿತೀಲಿ ಎಂಟು ಜನ. ಹೋದ ವರ್ಷ ನಾಲ್ಕು ನಾಲ್ಕು. ಈ ಸಲ ಒಬ್ಬರು ತಿರುಗಿದ್ರೆ ಸಾಕು. ನಿಮ್ಮ ಹುಡುಗನೇ ಸತ್ತನಲ್ಲ ಅಂತ ಅವರು ಕೇಳ್ತಾರೆ. ಅದಕ್ಕೆ ಉತ್ತರ ಬೇಕು. ಇವತ್ತೊಂದಿನ ಬಾಯಿ ಮುಚ್ಕೊಂಡು ನನ್ನ ಪಕ್ಕ ಕೂತ್ಕೋ. ಅಷ್ಟೇ ಕೇಳೋದು. ನಾಳೆಯಿಂದ ಜೀವಮಾನವೆಲ್ಲ ಬೈ."

ಅಪ್ಪನ ಗಡ್ಡ ಅಣ್ಣ ಸತ್ತ ಮೇಲೆ ಪೂರ್ತಿ ಬಿಳಿಯಾಗಿತ್ತು. ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತು ಕೊಟ್ಟೆ. ಕೊಟ್ಟು, ಎರಡು ಹೋಳುಗಳನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಅದನ್ನು ಮತ್ತೆ ಸೋಪಿನ ಪುಡಿಯ ಹಿಂದೆ ಇಡಲು ಕೈ ಬರಲಿಲ್ಲ.

ಲಿಂಕನ್ನಿಗೆ ಮೂವತ್ತೈದು ಮೈಲಿ. ರಾಯ್ಸ್ ನಮ್ಮ ಲಾರಿಯಲ್ಲೇ ಬಂದ, ಅಪ್ಪನ ಪಕ್ಕ ಮುಂದೆ ಕೂತ. ಅವನದು ದೊಡ್ಡ ಹೊಟ್ಟೆ, ದೊಡ್ಡ ನಗು. ಊರಿನಲ್ಲಿ ಯಾರ ಮನೆ ಸುಟ್ಟರೂ ಮೊದಲು ಬರುವವನು ಅವನೇ. ಅಣ್ಣನ ಶವಪೆಟ್ಟಿಗೆಯ ಮುಂದಿನ ಹಿಡಿಯನ್ನು ಹೊತ್ತವನೂ ಅವನೇ. ಅದಕ್ಕೇ ಅವನನ್ನು ದ್ವೇಷಿಸುವುದು ಅಷ್ಟು ಕಷ್ಟ.

"ಏನೇ ಪುಟ್ಟಿ, ಮುಖ ಯಾಕೆ ಉಪ್ಪಿನಕಾಯಿ ಜಾಡಿ ಥರ ಮಾಡ್ಕೊಂಡಿದೀಯ?" ಎಂದು ಹಿಂದಕ್ಕೆ ತಿರುಗಿದ.

"ಹುಟ್ಟಿದ್ದೇ ಹೀಗೆ."

"ನೋಡು, ಅಪ್ಪ ಓದೋವಾಗ ಅಳು ಬಂದ್ರೆ ತಡ್ಕೋಬೇಡ. ಅತ್ಬಿಡು. ಸಮಿತೀಲಿ ಮೂರನೇ ಕುರ್ಚಿ ಹೆಂಗಸಿದಾಳಲ್ಲ, ಅವಳ ಮಗನೂ ಅದೇ ವಯಸ್ಸು. ಅವಳಿಗೆ ತಾಗುತ್ತೆ."

"ರಾಯ್ಸ್" ಎಂದ ಅಪ್ಪ.

"ತಪ್ಪೇನು ಹೇಳ್ದೆ? ನಿಜವಾದ ಕಣ್ಣೀರೇ ಅಲ್ವಾ?"

ನಾನು ಕಿಟಕಿಯ ಕಡೆ ತಿರುಗಿದೆ. ಕೊಯ್ದ ಹೊಲದ ಜೋಳದ ಕೂಳೆಗಳು ಹಿಮದಿಂದ ಮೇಲೆ ಚಾಚಿ ನಿಂತಿದ್ದವು. ಒಂದೊಂದನ್ನೂ ಕಿತ್ತು ರಾಯ್ಸನ ಬಾಯಿಗೆ ತುರುಕಿದರೆ ಎಷ್ಟು ಹಿಡಿಸಬಹುದು ಎಂದು ಅಂದಾಜು ಮಾಡುತ್ತ ಕೂತೆ.

ಅಹವಾಲಿನ ಕೋಣೆ ಕಿಕ್ಕಿರಿದಿತ್ತು. ಎಡಕ್ಕೆ ಚರ್ಮದ ಕೋಟುಗಳು. ಪ್ರತಿಯೊಂದರ ಬೆನ್ನ ಮೇಲೂ 'ಓಡಿಸುವವರೇ ನಿರ್ಧರಿಸಲಿ' ಎಂಬ ಹೊಲಿಗೆ. ಬಲಕ್ಕೆ ಆಸ್ಪತ್ರೆಯವರು, ವಿಮೆಯವರು. ನಾವು ಒಳಗೆ ಹೋಗುವಾಗ ಬಲಗಡೆಯ ಸಾಲಿನಲ್ಲಿ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬಾತ ಪಕ್ಕದವಳಿಗೆ ಮೆಲ್ಲಗೆ ಹೇಳಿದ: "ಬಂದ್ರು ನೋಡು, ನಾಳಿನ ಅಂಗದಾನಿಗಳು." ಅವಳು ಮೂಗಿನಲ್ಲಿ ನಕ್ಕಳು.

ನಾನು ನಿಂತುಬಿಟ್ಟೆ. "ನನ್ನ ಅಣ್ಣನ ಕಣ್ಣು ಈಗ ಓಮಹಾದಲ್ಲಿ ಒಬ್ಬ ಮೇಷ್ಟ್ರಿಗಿದೆ" ಎಂದೆ. "ಪತ್ರ ಬರೆದಿದ್ರು. ನಗು. ನಿಲ್ಲಿಸ್ಬೇಡ."

ಅವನ ಮುಖ ಕೆಂಪಾಯಿತು. ಏನೋ ಗೊಣಗಿದ. ಈ ಕೋಣೆಯಲ್ಲಿ ನನ್ನವರೆಂದು ಹೇಳಿಕೊಳ್ಳಬಹುದಾದ ಒಂದು ಕುರ್ಚಿಯೂ ಇಲ್ಲವೆಂದು ಆಗ ನನಗೆ ಅನ್ನಿಸಿತು. ಹೋಗಿ ಅಪ್ಪನ ಪಕ್ಕ ಕೂತೆ.

ನಮ್ಮ ಶಾಸನಸಭೆಯ ಪದ್ಧತಿ ಸರಳ. ಯಾರು ಬೇಕಾದರೂ ಬಂದು ಹಾಳೆಯಲ್ಲಿ ಹೆಸರು ಬರೆದುಕೊಟ್ಟು ಮಾತಾಡಬಹುದು. ಮೊದಲು ಮಸೂದೆಯ ಪರ, ಆಮೇಲೆ ವಿರೋಧ, ಕೊನೆಗೆ ಯಾವ ಕಡೆಯೂ ಅಲ್ಲದವರು. ಒಬ್ಬರಿಗೆ ಒಂದೇ ಸಲ, ಮೂರೇ ನಿಮಿಷ. ಮೇಜಿನ ಮೇಲೆ ಪುಟ್ಟ ದೀಪವಿದೆ. ಹಸಿರು ಅಂದರೆ ಮಾತಾಡು, ಹಳದಿ ಅಂದರೆ ಮುಗಿಸು, ಕೆಂಪು ಅಂದರೆ ಏಳು. ಶುರು ಮಾಡುವ ಮೊದಲು ಹೆಸರು ಹೇಳಿ ಅಕ್ಷರ ಬಿಡಿಸಬೇಕು. ಚಪ್ಪಾಳೆ ತಟ್ಟುವ ಹಾಗಿಲ್ಲ.

ಅಪ್ಪ ಮೇಜಿನ ಮುಂದೆ ಕೂತ. ಹೆಸರಿನ ಅಕ್ಷರಗಳನ್ನು ಬಿಡಿಸಿದ. ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು, ಚರ್ಚಿನಲ್ಲಿ ಓದುವವನಂತೆ, ಒಂದೂ ತಪ್ಪಿಲ್ಲದೆ ಓದಿದ. ನಾನು ಹಲ್ಲು ಕಚ್ಚಿ ಕೂತಿದ್ದೆ. 'ಕಾನೂನು ನನ್ನ ಮಗನಿಗೆ ಸುಳ್ಳು ಹೇಳಿತು' ಎಂಬಲ್ಲಿ ಮೂರನೇ ಕುರ್ಚಿಯ ಹೆಂಗಸು ಪೆನ್ನು ಕೆಳಗಿಟ್ಟಳು. ರಾಯ್ಸ್ ನನ್ನ ಪಕ್ಕೆಗೆ ಮೆಲ್ಲಗೆ ತಿವಿದ. ಅದನ್ನೂ ಸಹಿಸಿದೆ. ಕೊಟ್ಟ ಮಾತು ಉಳಿಸುವವಳಿದ್ದೆ, ನಿಜವಾಗಿಯೂ.

ಹಾಳೆ ಮುಗಿಯಿತು. ದೀಪ ಇನ್ನೂ ಹಸಿರಾಗಿತ್ತು. ಅಪ್ಪ ಹಾಳೆ ಮಡಿಸಿ ತಲೆ ಎತ್ತಿದ.

"ಇನ್ನೊಂದು ಮಾತು" ಎಂದ. ಅದು ಹಾಳೆಯಲ್ಲಿರಲಿಲ್ಲ. "ನನ್ನ ಮಗ ತನ್ನ ಇಷ್ಟದಿಂದ ಒಂದೇ ಒಂದು ಸಲ ಹೆಲ್ಮೆಟ್ ಹಾಕ್ದೋನಲ್ಲ. ಒಂದೇ ಒಂದು ಸಲ. ಹಾಕಿಸಿದ್ದು ನೀವು. ಅವನು ಹುಟ್ಟಾ ಸ್ವತಂತ್ರ ಮನುಷ್ಯ."

ಎಡಗಡೆಯ ಸಾಲುಗಳಲ್ಲಿ ಸದ್ದಿಲ್ಲದೆ ಮುಷ್ಟಿಗಳು ಮೇಲೆದ್ದವು.

ನಾನೂ ಎದ್ದೆ. ಹಿಂದಿನ ಗೋಡೆಯ ಬಳಿ, ಹೆಸರು ಬರೆಯುವ ಹಾಳೆಗಳಿದ್ದ ಮೇಜಿನ ಕಡೆ ನಡೆದೆ. ರಾಯ್ಸ್ ಮೊಣಕೈ ಹಿಡಿದ.

"ಎಲ್ಲಿಗೆ?"

"ಬಿಡು."

"ಪುಟ್ಟಿ, ತಲೆ ಕೆಟ್ಟಿದೆಯಾ? ಅದು ವಿರೋಧದ ಹಾಳೆ."

"ಓದೋಕೆ ಬರುತ್ತೆ ನಂಗೆ. ಕೈ ಬಿಡು ರಾಯ್ಸ್, ಇಲ್ಲಾ ಇಲ್ಲೇ ಕಿರುಚ್ತೀನಿ. ಅದೂ ತಾಗಬಹುದು ಆ ಹೆಂಗಸಿಗೆ."

ಬಿಟ್ಟ.

ವಿರೋಧದವರಲ್ಲಿ ಮೊದಲು ಒಬ್ಬ ಶಸ್ತ್ರವೈದ್ಯರು, ಆಮೇಲೆ ವಿಮೆಯವರೊಬ್ಬರು ಅಂಕಿಗಳನ್ನು ಓದಿದರು. ಅವರು ಓದುವಷ್ಟು ಹೊತ್ತೂ ನಾನು ಅಪ್ಪನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದೆ. ಅವನು ತಿರುಗಲಿಲ್ಲ. ನನ್ನ ಹೆಸರು ಕರೆದಾಗ ಮಾತ್ರ ಆ ಕತ್ತು ಸೆಟೆಯಿತು.

"ಲೀಡಾ ಹವ್ರಾನೆಕ್" ಎಂದೆ. ಅಕ್ಷರ ಬಿಡಿಸಿದೆ. ಚೀಲದಿಂದ ಬಟ್ಟೆಯ ಗಂಟು ತೆಗೆದೆ.

"ವಸ್ತುಗಳನ್ನ ತೋರಿಸೋ ಹಾಗಿಲ್ಲಮ್ಮ" ಎಂದರು ಸಮಿತಿಯ ಅಧ್ಯಕ್ಷೆ, ಕನ್ನಡಕದ ಮೇಲಿಂದ ನೋಡುತ್ತ. "ದಯವಿಟ್ಟು ಕೆಳಗಿಡಿ. ಮಾತಲ್ಲೇ ಹೇಳಿ."

ಗಂಟನ್ನು ಕಾಲ ಬಳಿ ಇಟ್ಟೆ. ಮಾತಲ್ಲೇ ಹೇಳಬೇಕಾಯಿತು.

"ಲ್ಯಾಡಿ ನನ್ನ ಅಣ್ಣ. ಅವನು ಸಾಯೋವಾಗ ತಲೆ ಮೇಲಿದ್ದದ್ದು ಹೆಲ್ಮೆಟ್ ಅಲ್ಲ. ಸೂಪಿನ ಬಟ್ಟಲು. ಅದರ ಮೇಲಿದ್ದ ಸರ್ಕಾರದ ಚೀಟಿ ಸುಳ್ಳು. ಅಂಟಿಸಿದ್ದು ನಾನು, ನಮ್ಮ ಅಡುಗೆಮನೇಲಿ. ಅದೊಂದೇ ಅಲ್ಲ, ನೂರಾರು. ಈ ಕೋಣೇಲಿ ಕೂತಿರೋ ಎಷ್ಟೋ ಜನರದ್ದು. ಶೆರೀಫರ ವರದೀಲಿ 'ಧರಿಸಿದ್ದರು' ಅಂತ ಇದ್ಯಲ್ಲ, ಅದು ನಾನು ಬರೆದ ಹಾಗೇ."

ಹಿಂದೆ ಕುರ್ಚಿಗಳು ಕಿರುಗುಟ್ಟಿದವು. ಯಾರೋ "ಏಯ್" ಎಂದರು. ಅಧ್ಯಕ್ಷೆ ಮೇಜು ತಟ್ಟಿದರು.

"ಇನ್ನೊಂದು ಸುಳ್ಳು ಈಗ ತಾನೇ ಕೇಳಿದ್ರಿ. ಲ್ಯಾಡಿ ತನ್ನ ಇಷ್ಟದಿಂದ ಹಾಕಿದ್ದ. ಹೋದ ವರ್ಷ ಮಾರ್ಚಿನಲ್ಲಿ. ಅವನ ಜೊತೆ ಗೋದಾಮಲ್ಲಿ ಕೆಲ್ಸ ಮಾಡ್ತಿದ್ದೋನು ಬಿದ್ದು ಮಾತು ಕಳ್ಕೊಂಡ. ಅದನ್ನ ನೋಡ್ಕೊಂಡು ಬಂದು, ಯಾರಿಗೂ ಹೇಳದೆ, ಬೆಳ್ಳಿ ಬಣ್ಣದ ಒಂದು ಹೆಲ್ಮೆಟ್ ತಗೊಂಡ. ಮುಖ ಪೂರ್ತಿ ಮುಚ್ಚೋದು, ಮುಂದೆ ಗಾಜಿರೋದು. ಯಾರೂ ಹೇಳಿರ್ಲಿಲ್ಲ ಅವನಿಗೆ. ಕಾನೂನಿಗೆ ಹೆದರಿ ಅಲ್ಲ, ಕಾನೂನಿಗೆ ಬಟ್ಟಲೇ ಸಾಕಿತ್ತಲ್ಲ. ಅವನ ತಲೆ, ಅವನೇ ನಿರ್ಧಾರ ಮಾಡಿದ."

ನನ್ನ ಧ್ವನಿ ನಡುಗುತ್ತಿತ್ತು. ಅಳುವಿನಿಂದಲ್ಲ. ರಾಯ್ಸ್ ಅದನ್ನು ಅಳು ಎಂದುಕೊಳ್ಳಬಾರದೆಂದು ಇನ್ನೂ ಗಟ್ಟಿಯಾಗಿ ಮಾತಾಡಿದೆ.

"ವಸಂತದ ಮೊದಲನೇ ಸವಾರಿಗೆ ಅದನ್ನ ಹಾಕ್ಕೊಂಡು ಬಂದ. ಹೋಟೆಲಿನ ಅಂಗಳದಲ್ಲಿ ನಲವತ್ತು ಜನ ಇದ್ವಿ. ನಮ್ಮ ಸಂಘದ ಅಧ್ಯಕ್ಷರು ತಿನ್ತಿದ್ದ ಬನ್ನನ್ನ ಚೂರು ಚೂರು ಮಾಡಿ, ಅವನ ಹೆಲ್ಮೆಟ್ಟಿನ ಗಾಜಿನ ಮೇಲೆ ಉದುರಿಸಿದ್ರು. 'ಪಾಪ, ಮೀನಿಗೆ ಹಸಿವಾಗಿದೆ' ಅಂತ. ಎಲ್ಲರೂ ನಕ್ರು. ನಾನೂ ನಕ್ಕೆ. ಹೊಟ್ಟೆ ಹಿಡ್ಕೊಂಡು ನಕ್ಕೆ. ಲ್ಯಾಡಿ ಒಳಗಡೆಯಿಂದ ಮೀನಿನ ಥರ ಬಾಯಿ ಆಡಿಸಿ ತೋರಿಸ್ದ. ಅವನು ಹಾಗೇ, ಯಾರ ಆಟವನ್ನೂ ಕೆಡಿಸ್ತಿರ್ಲಿಲ್ಲ. ಮುಂದಿನ ಭಾನುವಾರ ಬಟ್ಟಲು ಹಾಕ್ಕೊಂಡು ಬಂದ. ಆಮೇಲೆ ಯಾವಾಗ್ಲೂ ಬಟ್ಟಲೇ. ಆ ಬೆಳ್ಳಿ ಹೆಲ್ಮೆಟ್ ಅವನ ಕೋಣೆ ಬಾಗಿಲ ಹಿಡಿಗೆ ಇವತ್ತೂ ನೇತಾಡ್ತಿದೆ. ಓಡಿಸುವವರೇ ನಿರ್ಧರಿಸಲಿ ಅಂತ ಬೆನ್ನ ಮೇಲೆ ಹೊಲಿಸ್ಕೊಂಡಿದೀವಿ. ಅವನು ನಿರ್ಧಾರ ಮಾಡಿದ್ದ. ಅದರ ಮೇಲೆ ನಾವು ಬನ್ನಿನ ಚೂರು ಉದುರಿಸಿದ್ವಿ."

ಹಳದಿ ದೀಪ ಹತ್ತಿತು. ಹೇಳಲು ಇನ್ನೂ ಒಂದಿತ್ತು. ಹೇಳಲಿಲ್ಲ. "ಅಷ್ಟೇ" ಎಂದೆ.

ತುದಿಯಲ್ಲಿ ಕೂತಿದ್ದ ಒಬ್ಬ ಸದಸ್ಯರು ಕೇಳಿದರು: "ಹಾಗಾದ್ರೆ ಕಾನೂನು ಉಳೀಬೇಕು ಅಂತೀರಾ?"

"ಕಾನೂನು ಇತ್ತಲ್ಲ ಸ್ವಾಮಿ. ಇರೋವಾಗಲೇ ಸತ್ತ. ನಿಮ್ಮ ಕಾನೂನು ಹಿಂದಿನಿಂದ ಚೀಟಿ ನೋಡ್ತು, ನೆಟ್ಟಗಿದೆ ಅಂತ ಬಿಡ್ತು. ಇಟ್ಕೊಳ್ಳಿ, ತೆಗೀರಿ, ಅದು ನಿಮ್ಮ ಕೆಲಸ. ಆದ್ರೆ ಲ್ಯಾಡೀನ ಹೆಲ್ಮೆಟ್ ಹಾಕಿ ಸತ್ತವರ ಸಾಲಲ್ಲಿ ಬರೀಬೇಡಿ. ಹೆಲ್ಮೆಟ್ ಬೇಡ ಅಂದೋರ ಸಾಲಲ್ಲೂ ಬರೀಬೇಡಿ."

"ಸುಳ್ಳು ಚೀಟಿ ಅಂಟಿಸೋದಕ್ಕೆ ಶಿಕ್ಷೆ ಆಗಬಹುದು ಅಂತ ಗೊತ್ತಾ ನಿಮಗೆ?"

"ಗೊತ್ತು. ಅದಕ್ಕೇ ಹೆಸರಿನ ಅಕ್ಷರ ಬಿಡಿಸಿ ಹೇಳಿದ್ದು."

ಹೊರಗಿನ ಉದ್ದ ಮೊಗಸಾಲೆಯಲ್ಲಿ ಚರ್ಮದ ಕೋಟುಗಳು ನನಗೆ ದಾರಿ ಬಿಟ್ಟು ಗೋಡೆಗೆ ಸರಿದವು. ಚಿಕ್ಕಂದಿನಲ್ಲಿ ನನ್ನನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಊರು ಸುತ್ತಿಸಿದವರು, ನನ್ನ ಶಾಲೆಯ ನಾಟಕಕ್ಕೆ ಬಂದು ಸೀಟಿ ಹೊಡೆದವರು. ಈಗ ಒಬ್ಬರೂ ಕಣ್ಣೆತ್ತಿ ನೋಡಲಿಲ್ಲ. ರಾಯ್ಸ್ ಮಾತ್ರ ಎದುರಿಗೆ ಬಂದ. ಅವನ ದೊಡ್ಡ ಮುಖದಲ್ಲಿ ನಗು ಎಲ್ಲಿ ಹೋಗಿತ್ತೋ.

"ತಮಾಷೆಗೆ ಮಾಡಿದ್ದು ಅದು. ಬನ್ನು ಉದುರಿಸಿದ್ದು. ನಿಂಗೂ ಗೊತ್ತು."

"ಗೊತ್ತು."

"ಆ ಹುಡುಗನ್ನ ಎತ್ತಿ ಆಡ್ಸಿದೀನಿ ನಾನು. ಅವನನ್ನ ಕೊಂದೆ ಅಂದ್ಬಿಟ್ಟೆ ಎಲ್ಲರ ಮುಂದೆ."

"ಅಂದಿಲ್ಲ. ನೀನು ಮಾಡಿದ್ದನ್ನ ಹೇಳಿದೆ, ಅಷ್ಟೇ. ಅದು ಹೇಗೆ ಕೇಳಿಸ್ತೋ ಅದು ನಿನ್ನ ಪಾಡು."

ಅವನು ಕೋಟಿನ ಗುಂಡಿ ಹಾಕಿಕೊಂಡು ಬೇರೆಯವರ ಲಾರಿಯ ಕಡೆ ಹೋದ.

ಅಪ್ಪ ನಮ್ಮ ಲಾರಿಯಲ್ಲಿ ಇಂಜಿನ್ ಶುರು ಮಾಡಿಕೊಂಡು ಕೂತಿದ್ದ. ನನ್ನನ್ನು ಬಿಟ್ಟು ಹೋಗಿರುತ್ತಾನೆ ಎಂದುಕೊಂಡಿದ್ದೆ. ಮುಂದಿನ ಬಾಗಿಲು ತೆರೆದು ಹತ್ತಿದೆ. ಅವನು ನೋಡಲಿಲ್ಲ. ಲಾರಿ ಲಿಂಕನ್ನಿನ ಅಂಚು ದಾಟಿತು. ಹೀಟರು ಮುದುಕನಂತೆ ಕೆಮ್ಮುತ್ತಿತ್ತು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಬೈಯಬಹುದಿತ್ತು. ಬಾಯಿ ತುಂಬ ಮಾತು ಸಿದ್ಧವಾಗಿತ್ತು.

ಹನ್ನೆರಡು ಮೈಲಿ ಕಳೆದ ಮೇಲೆ, ಒಂದು ಧಾನ್ಯದ ಗೋದಾಮಿನ ಅಂಗಳಕ್ಕೆ ಲಾರಿಯನ್ನು ಸರಕ್ಕನೆ ತಿರುಗಿಸಿ ನಿಲ್ಲಿಸಿದ.

"ರಾಯ್ಸ್ ವಿಷಯ ಹೇಳ್ದೆ" ಎಂದ. "ನಿನ್ನ ವಿಷಯ ಹೇಳ್ಕೊಂಡೆ. ನಲವತ್ತು ಜನ ನಕ್ರು ಅಂದೆ. ನಾನೆಲ್ಲಿದ್ದೆ?"

ನಾನು ಕಾಲ ಬಳಿಯ ಚೀಲವನ್ನು ಸರಿಸಿದೆ.

"ಕೇಳ್ತಿದೀನಿ. ಆವತ್ತು ನಾನೆಲ್ಲಿದ್ದೆ?"

"ಅಲ್ಲೇ ಇದ್ದೆ."

"ಏನ್ಮಾಡ್ತಿದ್ದೆ?"

"ಅಪ್ಪ, ಬಿಡು."

"ರಾಯ್ಸ್ ಬನ್ನು ಮುರಿಯೋಕೆ ಮುಂಚೆ, ಲ್ಯಾಡಿ ಬೈಕಿಂದ ಇಳಿಯೋಕೂ ಮುಂಚೆ, 'ಚಂದ್ರಲೋಕಕ್ಕೆ ಹೊರಟ್ಯೇನೋ, ಮಗ್ನೇ? ಮೇಲೆ ನಿಮ್ಮಮ್ಮ ಸಿಕ್ರೆ ನಾನು ಕೇಳ್ದೆ ಅಂತ ಹೇಳು' ಅಂದಿದ್ದು ಯಾರು? ಮೊದಲು ನಕ್ಕಿದ್ದು ಯಾರು?"

ಅಮ್ಮ ತೀರಿಹೋಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಅಂಗಳದ ಎಲ್ಲರಿಗೂ ಕೇಳಿಸಿತ್ತು. ಗಾಜಿನ ಹಿಂದೆ ಅಣ್ಣನ ಕಣ್ಣುಗಳು ಒಂದು ಕ್ಷಣ ಅಪ್ಪನನ್ನು ನೋಡಿದ್ದನ್ನು ನಾನು ನೋಡಿದ್ದೆ. ಆಮೇಲೆ ಬಂತು ಬನ್ನು, ಮೀನು, ನಗು.

"ನೀನು" ಎಂದೆ.

"ಅದನ್ಯಾಕೆ ಹೇಳ್ಲಿಲ್ಲ?"

"ಟೈಮ್ ಮುಗೀತು."

"ಸುಳ್ಳಿ. ದೀಪ ನಾನೂ ನೋಡ್ತಿದ್ದೆ. ಅರ್ಧ ನಿಮಿಷ ಇತ್ತು."

"ನಿನ್ನನ್ನ ಉಳಿಸೋಣ ಅಂತ!" ಕಿರುಚಿದೆ. "ಗಡ್ಡ ಬೆಳ್ಳಗಾಗಿದೆ, ರಾತ್ರಿಯೆಲ್ಲ ಅವನ ಕೋಣೆ ಬಾಗಿಲಲ್ಲಿ ನಿಂತಿರ್ತೀಯ, ಅದಕ್ಕೆ! ಅದನ್ನೂ ಹೇಳಿದ್ರೆ ನಿಂಗೆ ಏನು ಉಳಿಯುತ್ತೆ ಅಂತ! ಅಷ್ಟಾದ್ಮೇಲೂ ನೀನು ಅಲ್ಲಿ ಕೂತು, ಒಂದೇ ಒಂದು ಸಲ ಹಾಕ್ದೋನಲ್ಲ ಅಂತ..."

ಅಪ್ಪ ಸ್ಟೀರಿಂಗಿಗೆ ಎರಡೂ ಅಂಗೈಯಿಂದ ಗುದ್ದಿದ. ಹಾರನ್ನು ಕೂಗಿತು. ಗೋದಾಮಿನ ಸೂರಿನಿಂದ ಪಾರಿವಾಳಗಳೆಲ್ಲ ಎದ್ದವು.

"ನಿನ್ನ ಯಾರು ಕೇಳಿದ್ರು? ಹಾಂ? ನನ್ನ ಉಳಿಸು ಅಂತ ಯಾರು ಕೇಳಿದ್ರು ನಿನ್ನ? ನನ್ನ ಪರವಾಗಿ ನಿರ್ಧಾರ ಮಾಡೋಕೆ ನೀನ್ಯಾರು?"

ಮೂವತ್ತೊಂದು ವರ್ಷ ಸಮಿತಿಯ ಮುಂದೆ ಅವನು ಕೂಗಿದ ಕೂಗು ಇದೇ ಇರಬೇಕು. ಆದರೆ ಅಲ್ಲಿ ಅದರಲ್ಲಿ ಹೆಮ್ಮೆ ಇತ್ತು. ಇಲ್ಲಿ ಅದರ ಚರ್ಮ ಸುಲಿದಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ನನ್ನ ಕೋಪ ಅಲುಗದೆ ಹಾಗೇ ಕೂತಿತ್ತು. ಅವನದೂ ಹಾಗೇ.

ಅವನು ಗಡಿಯಾರ ನೋಡಿಕೊಂಡ. ಲಾರಿಯನ್ನು ಹಿಂದಕ್ಕೆ ತೆಗೆದು ರಸ್ತೆಗೆ ಹತ್ತಿಸಿದ. ಮನೆಯ ದಿಕ್ಕಿಗಲ್ಲ, ಲಿಂಕನ್ನಿನ ದಿಕ್ಕಿಗೆ.

"ಒಬ್ಬರಿಗೆ ಒಂದೇ ಸಲ" ಎಂದೆ. "ಇನ್ನೊಮ್ಮೆ ಮಾತಾಡೋಕೆ ಬಿಡಲ್ಲ."

"ನನಗೆ ಹೇಳಿಕೊಡ್ತೀಯಾ? ಬರೆದು ಕೊಡಬಹುದು. ಸಮಿತಿ ಗುಮಾಸ್ತೆ ಐದು ಗಂಟೆವರೆಗೂ ಇರ್ತಾಳೆ." ಜೇಬಿನಿಂದ ಆ ಟೈಪು ಮಾಡಿದ ಹಾಳೆ ತೆಗೆದು ನನ್ನ ತೊಡೆಯ ಮೇಲೆ ಎಸೆದ. "ಅದರ ಹಿಂದುಗಡೆ ಬರಿ. ನನ್ನ ಅಕ್ಷರ ಅವಳಿಗೆ ಓದೋಕಾಗಲ್ಲ. ಪೆನ್ನು ನಿನ್ನ ಮುಂದಿನ ಡಬ್ಬೀಲಿದೆ. ನಾನು ಹೇಳಿದ್ದಷ್ಟೇ ಬರೀಬೇಕು. ಒಂದು ಮಾತು ಸೇರಿಸ್ಬೇಡ. ಒಂದು ಮಾತು ಬಿಡಬೇಡ."

"ಬಟ್ಟಲು ಮಾರಿದ್ದು?"

"ಅದೂ. ಎರಡು ತುದಿ, ಕಣ್ಣು ಹೊಡೆದಿದ್ದು, ಎಲ್ಲಾ. ಆದ್ರೆ ಕಾನೂನು ಹೋಗ್ಲೇಬೇಕು ಅಂತಾನೂ ಬರಿ. ಅದರಲ್ಲಿ ನನ್ನ ಮನಸ್ಸು ಬದಲಾಗಿಲ್ಲ."

"ಇದನ್ನ ಓದಿದ್ಮೇಲೆ ಯಾರು ಕೇಳ್ತಾರೆ ಅದನ್ನ?"

"ಕೇಳದಿದ್ರೆ ಕೇಳದಿರ್ಲಿ. ಬರಿ ಅಂದೆ. ನಿನ್ನ ಅಭಿಪ್ರಾಯ ಕೇಳ್ಲಿಲ್ಲ."

ಪೆನ್ನಿನ ಮಸಿ ಹೆಪ್ಪುಗಟ್ಟಿತ್ತು. ಬಾಯಿಯ ಬಿಸಿಯುಸಿರು ಊದಿ, ಅಂಗೈಯಲ್ಲಿ ತಿಕ್ಕಿದೆ. ಹಾಳೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡೆ. ಅಪ್ಪ ಎರಡು ಮೈಲಿ ಲಾರಿ ಓಡಿಸಿದ. ಕೊನೆಗೆ ರಸ್ತೆಯಿಂದ ಕಣ್ಣು ತೆಗೆಯದೆ ಶುರುಮಾಡಿದ.

"'ನನ್ನ ಮಗ ಒಂದು ಒಳ್ಳೆ ಹೆಲ್ಮೆಟ್ ತಗೊಂಡಿದ್ದ. ಅದನ್ನ ನೋಡಿ ಮೊದಲು ನಕ್ಕವನು ನಾನು.' ಬರೆದ್ಯಾ?"

"ಬರೆದೆ."

"ಓದು."

ಓದಿದೆ. ಅವನ ದವಡೆ ಬಿಗಿಯಿತು.

"ಮೊದಲು ಅನ್ನೋದರ ಕೆಳಗೆ ಗೆರೆ ಎಳಿ" ಎಂದ. "ಇನ್ನೊಂದ್ಸಲ ಓದು."